ದೇವರು ಬಾಗಿಲು ತೆರೆಯುವವರೆಗೆ ಕಾಯಬೇಕಾ, ನಾವೇ ಹೋಗಿ ತಟ್ಟಬೇಕಾ?

ಪೀಣ್ಯ ಅಕೌಂಟೆಂಟ್ ಕೇಳಿದ್ದು:

ಎಲ್ಲರಿಗೂ ವಂದನೆ. ನೇರ ವಿಷಯಕ್ಕೆ ಬರುತ್ತೇನೆ. ನಾನು ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೆ. ಆ ಯೂನಿಟ್ ಮುಚ್ಚಿದರು, ನಮ್ಮನ್ನೆಲ್ಲ ಮನೆಗೆ ಕಳಿಸಿದರು. ಬಾಡಿಗೆ, ಅಮ್ಮನ ಶುಗರ್ ಮಾತ್ರೆ, ತಂಗಿಯ ಕೊನೇ ವರ್ಷದ ಫೀಸು ಎಲ್ಲ ನನ್ನ ತಲೆ ಮೇಲಿದೆ. ಕೂಡಿಟ್ಟ ಹಣ ಕರಗುತ್ತಾ ಬಂದಿದೆ.

ನಾವು ಹೋಗುವುದು ಮನೆಯಲ್ಲೇ ಸೇರುವ ಒಂದು ಸಣ್ಣ ಪ್ರಾರ್ಥನಾ ಕೂಟಕ್ಕೆ. ಅಲ್ಲಿನ ಹಿರಿಯ ಅಣ್ಣ ಒಬ್ಬರು ನಿಜಕ್ಕೂ ಒಳ್ಳೆಯವರು, ಕೆಲಸ ಹೋದ ವಾರವೇ ಯಾರಿಗೂ ಹೇಳದೆ ಅಕ್ಕಿ ಮೂಟೆ ತಂದು ಇಳಿಸಿ ಹೋದವರು, ಹಾಗಾಗಿ ಅವರ ಮಾತನ್ನು ಸುಲಭವಾಗಿ ತಳ್ಳಿಹಾಕಲು ಮನಸ್ಸು ಬರುವುದಿಲ್ಲ. ಅವರು ಹೇಳುವುದು ಇಷ್ಟು: "ಕಂಡ ಕಂಡ ಕಡೆ ಅರ್ಜಿ ಹಾಕೋದು ಅಪನಂಬಿಕೆ. ಉಪವಾಸ ಇದ್ದು ಪ್ರಾರ್ಥನೆ ಮಾಡು. ಕರ್ತನೇ ಬಾಗಿಲು ತೆರೀತಾನೆ, ನೀನು ತಳ್ಳೋಕೆ ಹೋಗಬೇಡ." ಇತ್ತ ನಮ್ಮ ಸೋದರಮಾವ. ಊರಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಚರ್ಚಿನ ಕಮಿಟಿಯಲ್ಲಿದ್ದಾರೆ. ಅವರದು ಬೇರೆ ರಾಗ: "ದೇವರು ಕೈ ಕಾಲು ಕೊಟ್ಟಿರೋದು ಯಾಕೆ? ಸತ್ಯವೇದ ಹಿಡ್ಕೊಂಡು ಕೂತ್ರೆ ಓನರ್ ಬಾಡಿಗೆ ಬಿಡ್ತಾನಾ?"

ಕಡೆಗೆ ಏನಾಗಿದೆ ಅಂದರೆ, ಅರ್ಜಿ ಹಾಕಲು ಲ್ಯಾಪ್‌ಟಾಪ್ ತೆರೆದರೆ ನಂಬಿಕೆ ಇಲ್ಲದವನು ಅನಿಸುತ್ತದೆ. ಅದನ್ನು ಮುಚ್ಚಿಟ್ಟು ಮೊಣಕಾಲೂರಿದರೆ ಸೋಮಾರಿ ಅನಿಸುತ್ತದೆ. ಎರಡೂ ಅರ್ಧಂಬರ್ಧ.

ಇದು ಬರೀ ಕೆಲಸದ ವಿಷಯವೂ ಅಲ್ಲ. ನನಗೆ ಕೋಪ ಜಾಸ್ತಿ, ಅದರಲ್ಲೂ ಈಗೀಗ ತಂಗಿ ಮೇಲೆ ಸುಮ್ಸುಮ್ನೆ ರೇಗುತ್ತೇನೆ. ಕೂಟದಲ್ಲಿ ಕೇಳಿದರೆ "ಸ್ವಂತ ಪ್ರಯತ್ನದಿಂದ ಆಗಲ್ಲ, ಕರ್ತನಿಗೆ ಒಪ್ಪಿಸಿಬಿಡು" ಅನ್ನುತ್ತಾರೆ. ಒಪ್ಪಿಸಿದ್ದೂ ಆಯಿತು. ಬೆಳಗ್ಗೆ ಒಪ್ಪಿಸಿದ್ದು ಮಧ್ಯಾಹ್ನಕ್ಕೆ ವಾಪಸ್ ಬಂದಿರುತ್ತದೆ.

ದೇವರ ಪಾಲು ಎಲ್ಲಿಗೆ ಮುಗಿಯುತ್ತದೆ, ನನ್ನ ಪಾಲು ಎಲ್ಲಿಂದ ಶುರು? ದಯವಿಟ್ಟು "ಎರಡೂ ಬೇಕು ಬ್ರದರ್" ಅಂತ ಒಂದೇ ಸಾಲಿನಲ್ಲಿ ಮುಗಿಸಬೇಡಿ. ಅದು ನನಗೂ ಗೊತ್ತು.

ಸಾಸಿವೆ ಕಾಳು:

ಮೊದಲು ಅರ್ಜಿ ಹಾಕಿ, ಆಮೇಲೆ ಈ ಉತ್ತರ ಓದಿ. ತಮಾಷೆಗೆ ಹೇಳುತ್ತಿಲ್ಲ.

ನಿಮ್ಮ ಹಿರಿಯರು ಬೈಬಲ್ಲಿನ ವಿಮೋಚನಕಾಂಡ 14:14 ಹೇಳಿಯೇ ಇರುತ್ತಾರೆ. ಐಗುಪ್ತದಿಂದ ಹೊರಟ ಇಸ್ರಾಯೇಲ್ಯರಿಗೆ ಮುಂದೆ ಸಮುದ್ರ, ಹಿಂದೆ ಶತ್ರುಸೈನ್ಯ. ಕರ್ತನು ನಿಮಗಾಗಿ ಯುದ್ಧ ಮಾಡುತ್ತಾನೆ, ನೀವು ಸುಮ್ಮನಿರಿ ಅನ್ನುವ ವಾಕ್ಯ. ನಮ್ಮ ಕಡೆ ಅರ್ಧ ಕ್ಯಾಲೆಂಡರುಗಳಲ್ಲಿ ಅದೇ ಇರುತ್ತದೆ. ಅದರ ಮುಂದಿನ ವಾಕ್ಯವನ್ನು ಯಾರೂ ಕ್ಯಾಲೆಂಡರಿಗೆ ಹಾಕುವುದಿಲ್ಲ. 15ರಲ್ಲಿ ದೇವರು ಮೋಶೆಗೆ ಕೇಳುವುದು, ನನಗೆ ಯಾಕೆ ಮೊರೆ ಇಡುತ್ತಿದ್ದೀ, ಜನರಿಗೆ ಮುಂದಕ್ಕೆ ಹೊರಡಲು ಹೇಳು ಅಂತ. ಎರಡೂ ಅಕ್ಕಪಕ್ಕದಲ್ಲೇ ಇವೆ. ಸಮುದ್ರ ಸೀಳಿದ್ದು ಜನರಲ್ಲ. ನಡೆದದ್ದು ದೇವರಲ್ಲ. ರಾತ್ರಿಯೆಲ್ಲ ಗಾಳಿ ಬೀಸಿಸಿದ್ದು ಅವನು, ಮಕ್ಕಳನ್ನೂ ದನಕುರಿಗಳನ್ನೂ ಕಟ್ಟಿಕೊಂಡು ಆ ಕತ್ತಲಲ್ಲಿ ಹೆಜ್ಜೆ ಇಟ್ಟವರು ಇವರು.

ನೆಹೆಮೀಯ 4 ಕೂಡ ಒಮ್ಮೆ ಓದಿ, ಯೆಹೂದ್ಯರು ಯೆರೂಸಲೇಮಿನ ಗೋಡೆಯನ್ನು ಮತ್ತೆ ಕಟ್ಟಿದ ಕಥೆ. ಶತ್ರುಗಳು ಬರುತ್ತಾರೆ ಅಂತ ಗೊತ್ತಾದ ತಕ್ಷಣ ಅವರು ಪ್ರಾರ್ಥನೆ ಮಾಡಿದರು, ಹಗಲೂ ರಾತ್ರಿ ಕಾವಲು ಇಟ್ಟರು. ಎರಡೂ ಒಂದೇ ವಾಕ್ಯದಲ್ಲಿದೆ, ನಡುವೆ "ಆದರೆ" ಇಲ್ಲ. ಗೋಡೆ 52 ದಿನದಲ್ಲಿ ಮುಗಿಯಿತು. ಮುಗಿದ ಮೇಲೆ ಶತ್ರುಗಳೇ ಒಪ್ಪಿಕೊಂಡರಂತೆ, ಇದು ದೇವರ ಸಹಾಯದಿಂದ ಆದ ಕೆಲಸ ಅಂತ. ಕಲ್ಲು ಹೊತ್ತವರ ಬೆನ್ನು ನೋವು ಮಾತ್ರ ಬೆನ್ನಿಗೇ ಗೊತ್ತು.

ಶಿಫ್ಟ್ ನರ್ಸ್:

ಅಮ್ಮನ ಶುಗರ್ ಮಾತ್ರೆ ಅಂತ ಓದಿದ ಕೂಡಲೇ ಬರೆಯಲು ಕೂತೆ. ನಾನು ಗಲ್ಫಿನ ಒಂದು ಆಸ್ಪತ್ರೆಯಲ್ಲಿದ್ದೇನೆ, ಊರು ಹಾಸನದ ಕಡೆ. ನಿಮ್ಮ ಕೂಟದಲ್ಲಿ ಯಾರಾದರೂ "ಸ್ವಸ್ಥತೆ ಆಗಿದೆ, ಮಾತ್ರೆ ಬಿಡಿ" ಅಂತ ಅಮ್ಮನಿಗೆ ಹೇಳಿದರೆ ದಯವಿಟ್ಟು ಕೇಳಬೇಡಿ. ನಿಜಕ್ಕೂ ಸ್ವಸ್ಥತೆ ಆಗಿದ್ದರೆ ರಕ್ತ ಪರೀಕ್ಷೆಯಲ್ಲಿ ಕಾಣುತ್ತದೆ, ಡಾಕ್ಟರೇ ಡೋಸ್ ಇಳಿಸುತ್ತಾರೆ. ದೇವರ ಕೆಲಸಕ್ಕೆ ಲ್ಯಾಬ್ ರಿಪೋರ್ಟ್ ಕಂಡರೆ ಭಯವಿಲ್ಲ. ಟೈಪ್ ಒನ್ ಶುಗರ್ ಇರುವವರು ಇನ್ಸುಲಿನ್ ನಿಲ್ಲಿಸಿದರೆ ಒಂದೆರಡು ದಿನದಲ್ಲೇ ಕೀಟೋಆಸಿಡೋಸಿಸ್, ಅಂದರೆ ರಕ್ತದಲ್ಲಿ ಆಮ್ಲ ಏರಿ ಜೀವಕ್ಕೇ ಅಪಾಯ ಆಗಬಹುದು. ವಾಂತಿ, ಹಣ್ಣಿನ ವಾಸನೆಯ ಉಸಿರು, ಆಮೇಲೆ ಎಚ್ಚರ ತಪ್ಪುವುದು. ಹಾಗೆ ಬಂದವರನ್ನು ನೋಡಿದ್ದೇನೆ, ಜೊತೆಗೆ ಬಂದವರು "ನಂಬಿಕೆಯಿಂದ ಬಿಟ್ಟಿದ್ದು ಸಿಸ್ಟರ್" ಅಂದಿದ್ದನ್ನೂ ಕೇಳಿದ್ದೇನೆ. ಬೈಯಲು ಮನಸ್ಸು ಬರುವುದಿಲ್ಲ, ಆದರೆ ಕೈ ನಡುಗುತ್ತದೆ.

ಹಿಜ್ಕೀಯ ರಾಜನ ಕಥೆ ಗೊತ್ತಲ್ವಾ? 2 ಅರಸು 20. ಸಾಯುವಂಥ ಕಾಯಿಲೆ ಬಿದ್ದಾಗ ಅವನು ಅತ್ತು ಪ್ರಾರ್ಥಿಸಿದ. ದೇವರು ಇನ್ನೂ 15 ವರ್ಷ ಆಯಸ್ಸು ಕೊಡುತ್ತೇನೆ ಅಂದ. ಮಾತು ಕೊಟ್ಟಾಯಿತು. ಆದರೂ ಪ್ರವಾದಿ ಯೆಶಾಯ ಏನು ಹೇಳಿದ? ಅಂಜೂರದ ಉಂಡೆ ತಂದು ಹುಣ್ಣಿನ ಮೇಲೆ ಕಟ್ಟಿ ಅಂತ. ಮಾತು ಕೊಟ್ಟ ದೇವರೇ ಮದ್ದಿಗೂ ಜಾಗ ಇಟ್ಟಿದ್ದ.

ನನ್ನ ಕೆಲಸದಲ್ಲಿ ಇದು ಹೇಗೆ ಇರುತ್ತದೆ ಅಂತ ಹೇಳುತ್ತೇನೆ. ರಾತ್ರಿ ಪಾಳಿಯಲ್ಲಿ ಇನ್ಸುಲಿನ್ ಕೊಡುವಾಗ ಒಬ್ಬಳೇ ಕೊಡುವ ಹಾಗಿಲ್ಲ. ಸಿರಿಂಜಿಗೆ ಎಳೆದ ಮೇಲೆ ಇನ್ನೊಬ್ಬ ನರ್ಸ್ ಬಂದು ಬಾಟಲಿಯ ಹೆಸರು, ಯೂನಿಟ್ ಗೆರೆ, ರೋಗಿಯ ಕೈಪಟ್ಟಿ ಎಲ್ಲ ನೋಡಿ ಸಹಿ ಮಾಡಬೇಕು. ನಾನು ಪ್ರತಿ ಸಲ ಮನಸ್ಸಿನಲ್ಲೇ ಪ್ರಾರ್ಥನೆ ಮಾಡುತ್ತೇನೆ. ಪ್ರಾರ್ಥನೆ ಮಾಡಿದ್ದೇನೆ ಅಂತ ಆ ಸಹಿ ಬಿಟ್ಟರೆ ಅದು ಭಕ್ತಿ ಅಲ್ಲ, ಇನ್ನೊಬ್ಬರ ಜೀವ ಪಣಕ್ಕಿಟ್ಟು ದೇವರನ್ನು ಪರೀಕ್ಷೆ ಮಾಡುವುದು. ದೇವಾಲಯದ ತುದಿಯಿಂದ ಧುಮುಕು, ದೂತರು ಹಿಡಿಯುತ್ತಾರೆ ಅಂತ ಸೈತಾನ ಯೇಸುವಿಗೆ ಹೇಳಿದ್ದು ಅದನ್ನೇ. ವಾಕ್ಯ ಎತ್ತಿ ಹೇಳಿಯೇ ಹೇಳಿದ್ದು.

ಕೋಪದ ಬಗ್ಗೆ ಒಂದು ಮಾತು. ಬೆಳಗ್ಗೆ ಒಪ್ಪಿಸಿದ್ದು ಮಧ್ಯಾಹ್ನ ವಾಪಸ್ ಬರುತ್ತದೆ ಅಂದಿರಿ. ಉಪವಾಸ ಇರುವ ದಿನಗಳಲ್ಲೇ ಜಾಸ್ತಿ ಬರುತ್ತದಾ? ರಾತ್ರಿ ನಿದ್ದೆ ಎಷ್ಟು? 1 ಅರಸು 19ರಲ್ಲಿ ಪ್ರವಾದಿ ಎಲೀಯ ಸಾಯುತ್ತೇನೆ ಅಂತ ಗಿಡದ ಕೆಳಗೆ ಬಿದ್ದುಕೊಂಡಾಗ ದೂತ ಬೋಧನೆ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ. ಮಲಗಲು ಬಿಟ್ಟ. ಎಬ್ಬಿಸಿ ಮತ್ತೆ ರೊಟ್ಟಿ ಕೊಟ್ಟ. ದೇವರು ಮಾತಾಡಿದ್ದು ಆಮೇಲೆ.

ರೋಮಾ ಎಂಟು:

ನಾನು ಸ್ವಲ್ಪ ಉಲ್ಟಾ ಮಾತಾಡುತ್ತೇನೆ, ಬೇಸರ ಬೇಡ.

ಇಲ್ಲಿ ಎಲ್ಲರೂ "ಎದ್ದು ಕೆಲಸ ಮಾಡು" ಅನ್ನುವ ಕಡೆಗೇ ವಾಲುತ್ತಿದ್ದಾರೆ. ಸರಿ, ಮಾತ್ರೆ ಬಿಡಬಾರದು, ಅರ್ಜಿ ಹಾಕಬೇಕು, ಒಪ್ಪಿದೆ. ಆದರೆ ನಾನು ಬೆಂಗಳೂರಿನ ಐಟಿ ಜನರ ನಡುವೆ ಇರುವವನು. ನಮ್ಮ ಸಭೆಯಲ್ಲಿ ಸುಮ್ಮನೆ ಕೂತು ಹಾಳಾದವರು ಒಬ್ಬಿಬ್ಬರು ಸಿಗಬಹುದು. ತಮ್ಮ ಪ್ರಯತ್ನವನ್ನೇ ದೇವರು ಮಾಡಿಕೊಂಡು ಸುಸ್ತಾಗಿ ಬಿದ್ದವರು ಸಾಲು ಸಾಲು ಇದ್ದಾರೆ. ರಾತ್ರಿ ಒಂದು ಗಂಟೆಗೂ ಲ್ಯಾಪ್‌ಟಾಪ್, ಭಾನುವಾರ ಆರಾಧನೆಯ ನಡುವೆ ಮೇಲ್, ಆಮೇಲೆ "ಕರ್ತನ ಕೃಪೆಯಿಂದ ಪ್ರಮೋಷನ್" ಅಂತ ಸಾಕ್ಷಿ. ಕೀರ್ತನೆ 127 ಇವರಿಗಾಗಿಯೇ ಬರೆದಂತಿದೆ. ಕರ್ತನು ಮನೆ ಕಟ್ಟದಿದ್ದರೆ ಕಟ್ಟುವವರ ದುಡಿಮೆ ವ್ಯರ್ಥ, ಬೆಳಗಿನ ಜಾವ ಎದ್ದು ತಡರಾತ್ರಿ ಮಲಗುವುದೂ ವ್ಯರ್ಥ.

ಹಳೇ ಕಾಲದಿಂದಲೂ ಕ್ರೈಸ್ತ ಸಭೆ ಜಗಳ ಆಡಿದ್ದು ಇದರ ಮೇಲೆಯೇ. ಐದನೇ ಶತಮಾನದ ಆರಂಭದಲ್ಲಿ ಪೆಲಾಜಿಯಸ್ ಅನ್ನುವವನು, ಮನುಷ್ಯ ಮನಸ್ಸು ಮಾಡಿದರೆ ಪಾಪ ಮಾಡದೇ ಇರಬಲ್ಲ ಅಂದ. ಕೇಳಲು ಚೆನ್ನಾಗಿದೆ, ಜನರನ್ನು ಎಬ್ಬಿಸುವ ಮಾತು. ಉತ್ತರ ಆಫ್ರಿಕಾದ ಬಿಷಪ್ ಅಗಸ್ಟೀನ್ ಅದನ್ನು ಕಡೆಯವರೆಗೂ ವಿರೋಧಿಸಿದ. 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಬಿಷಪ್ಪರ ಸಭೆ, 431ರಲ್ಲಿ ಎಫೆಸದ ಸಭೆ ಪೆಲಾಜಿಯಸನ ಬೋಧನೆಯನ್ನು ತಳ್ಳಿಹಾಕಿದವು. 529ರಲ್ಲಿ ಈಗಿನ ಫ್ರಾನ್ಸಿನ ಆರೆಂಜ್ ಊರಿನಲ್ಲಿ ಸೇರಿದ ಸಭೆ ಇನ್ನೂ ಮುಂದೆ ಹೋಗಿ, ನಂಬಬೇಕು ಅನ್ನುವ ಮೊದಲ ಮನಸ್ಸು ಕೂಡ ಕೃಪೆಯಿಂದಲೇ ಬರುವುದು ಅಂತ ಹೇಳಿತು. ಅಂದರೆ "ನೀನು ಒಂದು ಹೆಜ್ಜೆ ಇಡು, ದೇವರು ಹತ್ತು ಹೆಜ್ಜೆ ಇಡ್ತಾನೆ" ಅನ್ನುವ ಡೈಲಾಗ್ ಇದೆಯಲ್ಲ, ಅದು ಸತ್ಯವೇದದ್ದಲ್ಲ. ಮೊದಲ ಹೆಜ್ಜೆ ಅವನದೇ.

ಆದ್ದರಿಂದ ಪಾಲು ಎಲ್ಲಿ ಮುಗಿಯುತ್ತೆ, ಎಲ್ಲಿ ಶುರು ಅನ್ನುವ ಪ್ರಶ್ನೆಯೇ ನನಗೆ ತಪ್ಪಾಗಿ ಕಾಣುತ್ತದೆ. ಫಿಲಿಪ್ಪಿ 2:12-13ರಲ್ಲಿ ಅಪೊಸ್ತಲ ಪೌಲ ನಿಮ್ಮ ರಕ್ಷಣೆಯನ್ನು ನಡುಗುತ್ತಾ ಸಾಧಿಸಿಕೊಳ್ಳಿ ಅನ್ನುತ್ತಾನೆ, ಯಾಕೆಂದರೆ ನಿಮ್ಮೊಳಗೆ ಮನಸ್ಸನ್ನೂ ಶಕ್ತಿಯನ್ನೂ ಹುಟ್ಟಿಸುವವನು ದೇವರು ಅನ್ನುತ್ತಾನೆ. ಅರ್ಧ ನೀನು ಅರ್ಧ ಅವನು ಅಂತಿಲ್ಲ. ಪೂರ್ತಿ ನೀನೂ ಮಾಡು, ಪೂರ್ತಿ ಅವನೂ ಮಾಡುತ್ತಿದ್ದಾನೆ. 1 ಕೊರಿಂಥ 15:10 ಇನ್ನೂ ಮಜವಾಗಿದೆ. ಎಲ್ಲರಿಗಿಂತ ಜಾಸ್ತಿ ದುಡಿದೆ, ಆದರೂ ದುಡಿದದ್ದು ನಾನಲ್ಲ, ಕೃಪೆ ಅಂತಾನೆ. ಇದನ್ನು ಲೆಕ್ಕದ ಪುಸ್ತಕದಲ್ಲಿ ಬರೆಯಲು ಹೋದರೆ ಅಕೌಂಟೆಂಟ್ ಆದ ನೀವೂ ಟ್ಯಾಲಿ ಮಾಡಲಾರಿರಿ.

ಹಳೇ ಸಂಡೇಸ್ಕೂಲ್ ಟೀಚರ್:

ಮಂಗಳೂರಿನಿಂದ. ರೋಮಾ ಎಂಟು ಹೇಳಿದ್ದು ಸರಿ ಅನಿಸಿತು, ಆದರೆ ಬಾಡಿಗೆ ಕಟ್ಟಬೇಕಾದ ಹುಡುಗನಿಗೆ ಆರೆಂಜ್ ಸಭೆ ಒಂದೇ ಸಾಲದು.

ಈ ವಿಷಯಕ್ಕೆ ನಾನು ಮಕ್ಕಳಿಗೆ ಓದಿಸುತ್ತಿದ್ದದ್ದು ಅಪೊಸ್ತಲರ ಕೃತ್ಯಗಳು 27. ಖೈದಿಯಾಗಿ ರೋಮಿಗೆ ಹೋಗುತ್ತಿದ್ದ ಪೌಲನ ಹಡಗು ಬಿರುಗಾಳಿಗೆ ಸಿಕ್ಕಿದೆ. 276 ಜನ. ರಾತ್ರಿ ದೇವದೂತ ಪೌಲನ ಹತ್ತಿರ ನಿಂತು, ಒಬ್ಬರ ಜೀವವೂ ಹೋಗುವುದಿಲ್ಲ ಅಂದ. ಖಾತ್ರಿ ಸಿಕ್ಕಿತು. ಅಲ್ಲಿಗೆ ಪೌಲ ಹೋಗಿ ಮಲಗಬಹುದಿತ್ತು, ಅಲ್ವಾ? ಆದರೆ ಮುಂದೆ ನೋಡಿ. ನಾವಿಕರು ಲಂಗರು ಬಿಡುವ ನೆಪ ಮಾಡಿ ಸಣ್ಣ ದೋಣಿ ಇಳಿಸಿ ಕದ್ದು ಹೋಗಲು ನೋಡುತ್ತಾರೆ. ಪೌಲ ಸೀದಾ ಸೈನಿಕರಿಗೆ ಹೇಳುತ್ತಾನೆ, ಇವರು ಹಡಗಿನಲ್ಲಿ ಇಲ್ಲದಿದ್ದರೆ ನೀವು ಉಳಿಯಲಾರಿರಿ ಅಂತ. ಯಾರೂ ಸಾಯುವುದಿಲ್ಲ ಅಂತ ಹೇಳಿದ್ದ ಅದೇ ಬಾಯಿ! ಸೈನಿಕರು ದೋಣಿಯ ಹಗ್ಗ ಕತ್ತರಿಸಿದರು. ಆಮೇಲೆ ಪೌಲ ಎಲ್ಲರನ್ನೂ ಕೂರಿಸಿ, 14 ದಿನದಿಂದ ಸರಿಯಾಗಿ ಉಂಡಿಲ್ಲ, ಊಟ ಮಾಡಿ ಅಂತ ತಾನೇ ರೊಟ್ಟಿ ಮುರಿದ. ಗೋಧಿ ಸಮುದ್ರಕ್ಕೆ ಸುರಿದು ಹಡಗು ಹಗುರ ಮಾಡಿದರು. ಕೊನೆಗೆ ಹಡಗು ಒಡೆದೇ ಹೋಯಿತು. ಈಜು ಬರುವವರು ಧುಮುಕಿದರು, ಬರದವರು ಹಲಗೆ ಹಿಡಿದು ದಡ ಸೇರಿದರು. ದೂತನ ಮಾತು ಪೂರ್ತಿ ನಿಜವಾಯಿತು, ಹಲಗೆಗಳ ಮೂಲಕ. ಅಲ್ಲಿ ಯಾರನ್ನೂ ಗಾಳಿಯಲ್ಲಿ ಎತ್ತಿಕೊಂಡು ಹೋಗಲಿಲ್ಲ.

ಆ ಖಾತ್ರಿ ಪೌಲನನ್ನು ಸೋಮಾರಿ ಮಾಡಲಿಲ್ಲ, ಅವನ ಗಾಬರಿ ತೆಗೆಯಿತು. ಗಾಬರಿ ಇಲ್ಲದವನು ಮಾತ್ರ ಅಂಥ ಹೊತ್ತಿನಲ್ಲಿ "ಮೊದಲು ಊಟ ಮಾಡಿ" ಅನ್ನಬಲ್ಲ.

ಕನ್ನಡದವರಾದ ನಮಗೆ ಇನ್ನೊಂದು ಕಥೆ ಹತ್ತಿರದ್ದು. ಇಂಗ್ಲೆಂಡಿನಲ್ಲಿ ಚಮ್ಮಾರಿಕೆ ಮಾಡುತ್ತಿದ್ದ ವಿಲಿಯಂ ಕೇರಿ 1793ರಲ್ಲಿ ಮಿಷನರಿಯಾಗಿ ಬಂಗಾಳಕ್ಕೆ ಬಂದ. ಹೊಟ್ಟೆಪಾಡಿಗೆ ನೀಲಿ ಬಣ್ಣ (ಇಂಡಿಗೊ) ತಯಾರಿಸುವ ಕಾರ್ಖಾನೆಯಲ್ಲಿ ಮ್ಯಾನೇಜರ್ ಕೆಲಸ. ಮೊದಲ ಬಂಗಾಳಿ ವಿಶ್ವಾಸಿಗೆ ದೀಕ್ಷಾಸ್ನಾನ ಆಗುವ ಹೊತ್ತಿಗೆ 1800ರ ಡಿಸೆಂಬರ್. ಶ್ರೀರಾಮಪುರದಲ್ಲಿ ಮುದ್ರಣಾಲಯ ಹಾಕಿದರು. 1812ರ ಮಾರ್ಚ್ 11ರಂದು ಅದಕ್ಕೆ ಬೆಂಕಿ ಬಿತ್ತು. ಕಾಗದ, ಅಚ್ಚುಮೊಳೆ, ಹಸ್ತಪ್ರತಿಗಳು ಹೋದವು. ಸುಟ್ಟುಹೋದದ್ದರಲ್ಲಿ ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಇತ್ತು. ಅದಾದ ಮೇಲೆ ಕೇರಿ ಬೋಧನೆಗೆ ಆರಿಸಿಕೊಂಡದ್ದು ಕೀರ್ತನೆ 46, ಸುಮ್ಮನಿರಿ, ನಾನೇ ದೇವರೆಂದು ತಿಳಿದುಕೊಳ್ಳಿ ಅನ್ನುವ ವಾಕ್ಯ. ನಿಮ್ಮ ಹಿರಿಯರಿಗೆ ಇಷ್ಟವಾಗುವ ವಾಕ್ಯವೇ. ಆದರೆ ಆ ಬೋಧನೆ ಮಾಡಿದ ಜನ ಬೂದಿಯಲ್ಲಿ ಕರಗಿ ಬಿದ್ದಿದ್ದ ಸೀಸವನ್ನು ಕೆದಕಿ ತೆಗೆದು, ಉಳಿದಿದ್ದ ಅಚ್ಚುಗಳಿಂದ ಹೊಸ ಮೊಳೆ ಎರಕ ಹೊಯ್ಯಲು ಶುರು ಮಾಡಿದ್ದರು. ಅನುವಾದವನ್ನೂ ಮೊದಲಿನಿಂದ ಹಿಡಿದರು. ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾಯಿತು. ಸುಮ್ಮನಿದ್ದದ್ದು ಮನಸ್ಸು, ಕೈ ಅಲ್ಲ.

ನಮ್ಮ ಕರಾವಳಿಯದ್ದೂ ಹೇಳಿಬಿಡುತ್ತೇನೆ, ಉದ್ದವಾಯಿತು, ಸಹಿಸಿ. ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಕ್ರೈಸ್ತರಾದವರನ್ನು ಮನೆಯವರು, ಜಾತಿಯವರು ಹೊರಗೆ ಹಾಕಿದರು. ಶೇಂದಿ ಇಳಿಸುತ್ತಿದ್ದವರಿಗೆ ಆ ಕಸುಬೂ ಹೋಯಿತು. ಹಾಗಂತ ಪಾದ್ರಿಗಳು "ಪ್ರಾರ್ಥನೆ ಮಾಡಿ, ದೇವರು ಕೊಡುತ್ತಾನೆ" ಅಂತ ಹೇಳಿ ಕೈ ತೊಳೆದುಕೊಳ್ಳಲಿಲ್ಲ. ನೇಯ್ಗೆ ಶುರು ಮಾಡಿದರು, ಮುದ್ರಣ ಶುರು ಮಾಡಿದರು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದರು. ಮಂಗಳೂರು ಹೆಂಚು ಅಂತ ಊರೂರಿಗೆ ಹೋಯಿತಲ್ಲ, ಅದರ ಹುಟ್ಟು ಅಲ್ಲಿ. ಆ ವ್ಯವಸ್ಥೆಯಲ್ಲಿ ಯಜಮಾನಿಕೆ ಇತ್ತು, ಬಿಗಿ ಇತ್ತು, ಅದು ಬೇರೆ ಚರ್ಚೆ. ಆದರೆ ಕೆಲಸ ಹೋದವನ ಮುಂದೆ ಬರೀ ವಾಕ್ಯ ಇಟ್ಟು ಎದ್ದುಹೋಗಲಿಲ್ಲ. ನಿಮ್ಮ ಕೂಟದ ಅಣ್ಣ ಅಕ್ಕಿ ತಂದಾಗ ಮಾಡಿದ್ದೂ ಅದನ್ನೇ. ಅವರ ಕೈ ಅವರ ಬೋಧನೆಗಿಂತ ಚೆನ್ನಾಗಿದೆ.

ಸಾಸಿವೆ ಕಾಳು:

ಟೀಚರ್, ಜಾರ್ಜ್ ಮುಲ್ಲರ್ ಬಗ್ಗೆ ಏನು ಹೇಳುತ್ತೀರಿ? ಬ್ರಿಸ್ಟಲ್‌ನಲ್ಲಿ ಅನಾಥಾಲಯ ನಡೆಸಿದವರು. ಯಾರ ಹತ್ತಿರವೂ ಹಣ ಕೇಳಲಿಲ್ಲ, ಬರೀ ಪ್ರಾರ್ಥನೆ ಅಂತ ಎಲ್ಲ ಕನ್ವೆನ್ಷನ್‌ನಲ್ಲೂ ಹೇಳುತ್ತಾರೆ. ಈ ಹುಡುಗನ ಹಿರಿಯರೂ ಅದನ್ನೇ ಎತ್ತಬಹುದು.

ಹಳೇ ಸಂಡೇಸ್ಕೂಲ್ ಟೀಚರ್:

ಎತ್ತಲಿ. ಹಣ ಕೇಳಲಿಲ್ಲ ಅನ್ನುವುದು ನಿಜ, ಸಾಲಕ್ಕೆ ಸಾಮಾನು ತರಲಿಲ್ಲ ಅನ್ನುವುದೂ ನಿಜ. 1836ರಲ್ಲಿ ಒಂದು ಬಾಡಿಗೆ ಮನೆಯಲ್ಲಿ ಶುರುವಾದದ್ದು 1870ರ ಹೊತ್ತಿಗೆ ಆಶ್ಲಿ ಡೌನ್ ಗುಡ್ಡದ ಮೇಲೆ ಐದು ದೊಡ್ಡ ಕಟ್ಟಡ, ಸುಮಾರು 2,000 ಮಕ್ಕಳಿಗೆ ಜಾಗ. ಆದರೆ ಕನ್ವೆನ್ಷನ್‌ನಲ್ಲಿ ಹೇಳದೆ ಬಿಡುವ ಅರ್ಧ ಇದೆ. ಮುಲ್ಲರ್ ಬಂದ ಪ್ರತಿ ಕಾಣಿಕೆಗೂ ಲೆಕ್ಕ ಇಟ್ಟರು, ರಸೀದಿ ಕೊಟ್ಟರು, ವರ್ಷ ವರ್ಷ ವರದಿ ಅಚ್ಚು ಹಾಕಿಸಿದರು. ಆ ವರದಿಯೇ ಒಂದು ತರಹ ಹಣ ಕೇಳುವುದು ಅಂತ ಆಗಲೇ ಟೀಕೆ ಮಾಡಿದವರಿದ್ದರು, ಅದರಲ್ಲಿ ಸ್ವಲ್ಪ ಹುರುಳೂ ಇದೆ. ಆ ಮಕ್ಕಳಿಗೆ ಓದು ಕಲಿಸಿ, ಹುಡುಗರನ್ನು ಕಸುಬು ಕಲಿಯಲು ಸೇರಿಸಿ ಕಳಿಸುತ್ತಿದ್ದರು. ಮುಲ್ಲರರ ನಂಬಿಕೆಯನ್ನು ಮಾದರಿ ಮಾಡಿಕೊಳ್ಳುವವರು ಅವರ ಲೆಕ್ಕದ ಪುಸ್ತಕವನ್ನೂ ಮಾದರಿ ಮಾಡಿಕೊಳ್ಳಲಿ. ನಮ್ಮ ಎಷ್ಟೋ ಸಭೆಗಳಲ್ಲಿ ಮೊದಲನೆಯದು ಮಾತ್ರ ಇದೆ.

ಕಂಕನಾಡಿ ಕಾಫಿ:

ಕಥೋಲಿಕರ ಕಡೆಯಿಂದ ಒಂದು ಚಿಕ್ಕ ಮಾತು. "ಎಲ್ಲ ದೇವರ ಮೇಲೆ ನಿಂತಿದೆ ಅನ್ನುವಂತೆ ಪ್ರಾರ್ಥಿಸು, ಎಲ್ಲ ನಿನ್ನ ಮೇಲೆ ನಿಂತಿದೆ ಅನ್ನುವಂತೆ ದುಡಿ" ಅಂತ ಸಂತ ಇಗ್ನೇಷಿಯಸ್ ಹೆಸರಿನಲ್ಲಿ ವಾಟ್ಸಾಪಿನಲ್ಲಿ ಓಡಾಡುತ್ತದೆ. ಅವರ ಹೆಸರಿಗೆ ಅಂಟಿದ ಮಾತು ಅಷ್ಟೇ, ಅವರೇ ಹೇಳಿದ್ದು ಅಂತ ಖಚಿತವಾಗಿ ಹೇಳುವಂತಿಲ್ಲ. ನನಗಂತೂ ಅದರ ಎರಡನೇ ಅರ್ಧ ಹಿಡಿಸುವುದಿಲ್ಲ. ಎಲ್ಲ ನನ್ನ ಮೇಲೆ ನಿಂತಿದೆ ಅಂದುಕೊಂಡು ದುಡಿದರೆ ನಿದ್ದೆ ಬರುತ್ತದಾ?

ಸಂತ ಬೆನೆಡಿಕ್ಟರ ನಿಯಮ ನನಗೆ ಹೆಚ್ಚು ಉಪಯೋಗಕ್ಕೆ ಬಂತು. ಆರನೇ ಶತಮಾನದಲ್ಲಿ ಮಠದ ಸನ್ಯಾಸಿಗಳಿಗೆ ಬರೆದದ್ದು. 48ನೇ ಅಧ್ಯಾಯದಲ್ಲಿ, ಕೆಲಸವಿಲ್ಲದೆ ಕೂರುವುದು ಆತ್ಮಕ್ಕೆ ಶತ್ರು ಅಂತ ಶುರು ಮಾಡಿ, ಕೈಕೆಲಸಕ್ಕೆ ಇಷ್ಟು ಹೊತ್ತು, ಓದಿಗೆ ಇಷ್ಟು ಹೊತ್ತು ಅಂತ ಗಂಟೆ ಹಂಚುತ್ತಾರೆ. ಹಗಲಿನಲ್ಲಿ ಏಳು ಸಲ ಪ್ರಾರ್ಥನೆ. ಗಂಟೆ ಬಾರಿಸಿದರೆ ಹಿಡಿದ ಕೆಲಸ ಅರ್ಧಕ್ಕೇ ಬಿಟ್ಟು ಏಳಬೇಕು. ಕೆಲಸ ಮುಗಿದಿಲ್ಲ ಅನ್ನುವ ಹಾಗಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಇನ್ನೂ ಧ್ಯಾನ ಮಾಡುತ್ತೇನೆ ಅಂತ ಗುದ್ದಲಿ ಬಿಡುವ ಹಾಗೂ ಇಲ್ಲ. ನೀವೂ ಹಾಗೆ ಮಾಡಬಹುದಲ್ವಾ? ಬೆಳಗ್ಗೆ ಹತ್ತರಿಂದ ಒಂದರವರೆಗೆ ಕೆಲಸ ಹುಡುಕುವ ಹೊತ್ತು. ಆಗ ಪಾಪಪ್ರಜ್ಞೆಗೆ ಪ್ರವೇಶ ಇಲ್ಲ. ಒಂದಾದ ಮೇಲೆ ಲ್ಯಾಪ್‌ಟಾಪ್ ಮುಚ್ಚಿ, ಮತ್ತೆ ಮತ್ತೆ ಮೇಲ್ ನೋಡಬೇಡಿ.

ಪೀಣ್ಯ ಅಕೌಂಟೆಂಟ್:

ಎಲ್ಲರಿಗೂ ಥ್ಯಾಂಕ್ಸ್. ಕೃತ್ಯಗಳು 27 ಅಮ್ಮನಿಗೆ ಓದಿ ಹೇಳಿದೆ, ಹಲಗೆ ಹಿಡಿದು ದಡ ಸೇರಿದ್ದು ಕೇಳಿ ನಕ್ಕರು. ಉಪವಾಸದ ದಿನವೇ ಕೋಪ ಜಾಸ್ತಿ ಅನ್ನುವುದು ನೂರಕ್ಕೆ ನೂರು ಸರಿ ಸಿಸ್ಟರ್.

ಈಗ ಇನ್ನೊಂದು ಬಂದಿದೆ, ಸಲಹೆ ಬೇಕು. ಒಬ್ಬ ದೂರದ ಸಂಬಂಧಿ ಫೋನ್ ಮಾಡಿದ್ದರು. ಒಂದು ಅನುದಾನಿತ ಸಂಸ್ಥೆಯಲ್ಲಿ ಅಕೌಂಟ್ಸ್ ಹುದ್ದೆ ಖಾಲಿ ಇದೆಯಂತೆ. ಪರ್ಮನೆಂಟ್. ಆದರೆ ಒಳಗಿನವರಿಗೆ "ಸ್ವಲ್ಪ" ಕೊಡಬೇಕು, ತಂಗಿಯ ಮದುವೆಗೆ ಅಂತ ಇಟ್ಟಿರುವ ಚಿನ್ನ ಅಡ ಇಟ್ಟರೆ ಆಗುತ್ತದೆ. ವಿಚಿತ್ರ ಅಂದರೆ ಸೋದರಮಾವ "ಇದೂ ಪ್ರಯತ್ನವೇ, ಎಲ್ಲರೂ ಕೊಡ್ತಾರೆ" ಅಂದರು. ಕೂಟದಲ್ಲಿ ಒಬ್ಬರು "ನೋಡಿದ್ಯಾ, ಪ್ರಾರ್ಥನೆಗೆ ಉತ್ತರ, ಬಾಗಿಲು ತೆರೀತು" ಅಂದರು. ಇಬ್ಬರೂ ಮೊದಲ ಸಲ ಒಂದೇ ಕಡೆ! ನನಗೆ ಮಾತ್ರ ಹೊಟ್ಟೆಯಲ್ಲಿ ಕಸಿವಿಸಿ.

ರೋಮಾ ಎಂಟು:

ಆ ಕಸಿವಿಸಿಯನ್ನು ಕಳೆದುಕೊಳ್ಳಬೇಡಿ.

ತೆರೆದ ಬಾಗಿಲೆಲ್ಲ ದೇವರು ತೆರೆದದ್ದಲ್ಲ. 1 ಸಮುವೇಲ 24 ನೋಡಿ. ದಾವೀದ ತನ್ನ ಜನರ ಜೊತೆ ಏಂಗೆದಿಯ ಗವಿಯ ಒಳಭಾಗದಲ್ಲಿ ಅಡಗಿದ್ದಾನೆ. ಅವನನ್ನು ಕೊಲ್ಲಲು 3,000 ಜನ ಕಟ್ಟಿಕೊಂಡು ಬಂದಿರುವ ರಾಜ ಸೌಲ ಅದೇ ಗವಿಗೆ ಒಬ್ಬನೇ ಬರುತ್ತಾನೆ. ದಾವೀದನ ಜನ ಏನಂದರು? ಕರ್ತನು ಹೇಳಿದ ದಿನ ಇದೇ, ಶತ್ರುವನ್ನು ಕೈಗೆ ಕೊಟ್ಟಿದ್ದಾನೆ ಅಂದರು. ಎಲ್ಲ ಸೂಚನೆಗಳೂ ಕೂಡಿ ಬಂದಿವೆ. ರಾಜನಾಗುತ್ತೀ ಅನ್ನುವ ಮಾತು ಮೊದಲೇ ಇದೆ, ಅಭಿಷೇಕ ಆಗಿದೆ, ಅವಕಾಶ ಕಾಲ ಬುಡದಲ್ಲಿದೆ, ಭಕ್ತಿಯ ಮಾತಾಡುವ ಗೆಳೆಯರೂ ಇದ್ದಾರೆ. ದಾವೀದ ಬಟ್ಟೆಯ ಅಂಚು ಮಾತ್ರ ಕತ್ತರಿಸಿದ. ಅದಕ್ಕೂ ಅವನ ಮನಸ್ಸು ಚುಚ್ಚಿತು.

ದಾವೀದ ಸುಮ್ಮನೆ ಕೂತ ಮನುಷ್ಯ ಅಲ್ಲ, ಇದನ್ನು ಗಮನಿಸಿ. ಆ ವರ್ಷಗಳಲ್ಲೆಲ್ಲ ಓಡಿದ, ಗೂಢಚಾರರನ್ನು ಕಳಿಸಿದ, ಊಟಕ್ಕೆ ಕೇಳಿ ಕಳಿಸಿದ, ಸುಮಾರು 600 ಜನರನ್ನು ಸಂಭಾಳಿಸಿದ, ತಂದೆ ತಾಯಿಯನ್ನು ಮೋವಾಬಿನಲ್ಲಿ ಸುರಕ್ಷಿತವಾಗಿ ಬಿಟ್ಟುಬಂದ. ಪ್ರಯತ್ನಕ್ಕೆ ಏನೂ ಕಡಿಮೆ ಇರಲಿಲ್ಲ. ಆದರೆ ಒಂದು ದಾರಿಯನ್ನು ಮಾತ್ರ ಹಿಡಿಯಲಿಲ್ಲ. ಮೇಲಿನ ನನ್ನ ಉತ್ತರದಲ್ಲಿ ಇದನ್ನು ಹೇಳುವುದು ಬಿಟ್ಟುಹೋಗಿತ್ತು. ಒಬ್ಬ ಮನುಷ್ಯ ದೇವರನ್ನು ನಂಬಿದ್ದಾನಾ ಅನ್ನುವುದು ಅವನು ಎಷ್ಟು ಕೆಲಸ ಮಾಡುತ್ತಾನೆ, ಎಷ್ಟು ಬಿಡುತ್ತಾನೆ ಅನ್ನುವುದರಲ್ಲಿ ನನಗೆ ಕಾಣುವುದಿಲ್ಲ. ಯಾವುದನ್ನು ಮಾಡಲು ಒಪ್ಪುವುದಿಲ್ಲ ಅನ್ನುವಲ್ಲಿ ಕಾಣುತ್ತದೆ. ದೇವರು ಸಂತಾನ ಕೊಡುತ್ತೇನೆ ಅಂದಿದ್ದರೂ ಕಾಯದೆ ಹೆಂಡತಿ ಸಾರಾ ತನ್ನ ದಾಸಿ ಹಾಗರಳನ್ನು ಕೊಟ್ಟಾಗ ಅಬ್ರಹಾಮ ಪ್ರಯತ್ನ ಮಾಡಲಿಲ್ಲ ಅಂತ ಯಾರೂ ಹೇಳಲಾರರು.

ಶಿಫ್ಟ್ ನರ್ಸ್:

ತಂಗಿಯ ಚಿನ್ನ ಮುಟ್ಟಬೇಡಿ ಅಣ್ಣಾ. ಅಷ್ಟೇ ಹೇಳಲು ಬಂದೆ. ಅವಳನ್ನು ಕೇಳಿದ್ದೀರಾ?

ಹಳೇ ಸಂಡೇಸ್ಕೂಲ್ ಟೀಚರ್:

ಲಂಚ ಕೊಟ್ಟು ಹೋದ ಹುದ್ದೆಯಲ್ಲಿ ಅಕೌಂಟೆಂಟ್ ಆಗಿ ಕೂತರೆ, ನಾಳೆ ಅವರು ತಪ್ಪು ಬಿಲ್ ತಂದು ಸಹಿ ಹಾಕು ಅಂದಾಗ ಏನು ಮುಖ ಇಟ್ಟುಕೊಂಡು ಬೇಡ ಅನ್ನುತ್ತೀರಿ? ವೇದಶಾಸ್ತ್ರ ಬೇಡ, ಬರೀ ಲೌಕಿಕವಾಗಿ ಯೋಚನೆ ಮಾಡಿದರೂ ಅದು ಕುತ್ತಿಗೆಗೆ ಹಗ್ಗ.

ಬೇರೆ ಕಡೆ ನೋಡೋಣ. ಜಿಎಸ್‌ಟಿ ರಿಟರ್ನ್ಸ್ ನೀವೇ ಫೈಲ್ ಮಾಡುತ್ತಿದ್ದಿರಾ? ಪಿಎಫ್, ಇಎಸ್‌ಐ ಚಲನ್ ಗೊತ್ತಾ? ಗೊತ್ತಿದ್ದರೆ ಖಾಯಂ ಕೆಲಸ ಸಿಗುವವರೆಗೆ ಸಣ್ಣ ಅಂಗಡಿ, ವರ್ಕ್‌ಶಾಪ್‌ಗಳ ಲೆಕ್ಕ ಬರೆದುಕೊಡಬಹುದು. ನಿಮ್ಮ ಪೀಣ್ಯದ ಸುತ್ತ ಅಂಥವು ಬೇಕಾದಷ್ಟಿವೆ. ಪೌಲ ಕೊರಿಂಥದಲ್ಲಿ ಗುಡಾರ ಹೊಲಿದ, ನಾಚಿಕೊಳ್ಳಲಿಲ್ಲ.

ಪೀಣ್ಯ ಅಕೌಂಟೆಂಟ್:

ಜಿಎಸ್‌ಟಿ, ಪಿಎಫ್ ಎರಡೂ ನಾನೇ ಮಾಡುತ್ತಿದ್ದೆ ಟೀಚರ್. ಸಂಬಂಧಿಗೆ ಬೇಡ ಅಂತ ಹೇಳಿದೆ, ಸಿಟ್ಟಾಗಿದ್ದಾರೆ. ತಂಗಿಗೆ ವಿಷಯ ಹೇಳಿದ್ದಕ್ಕೆ "ಮೊದಲೇ ಕೇಳಬಾರದಿತ್ತಾ" ಅಂತ ಅವಳೂ ರೇಗಿದಳು. ಗುರುವಾರ ಒಂದು ಇಂಟರ್‌ವ್ಯೂ ಇದೆ, ಅವತ್ತೇ ಕೂಟದ ಉಪವಾಸ ಪ್ರಾರ್ಥನೆ. ಹಿರಿಯ ಅಣ್ಣನಿಗೆ ಏನಂತ ಹೇಳಲಿ?

ಕಂಕನಾಡಿ ಕಾಫಿ:

ಇಂಟರ್‌ವ್ಯೂ ಎಷ್ಟು ಗಂಟೆಗೆ ಅಂತ ಹೇಳಿ, ಸರಿಯಾಗಿ ಆ ಹೊತ್ತಿಗೆ ನಿಮ್ಮ ಹೆಸರು ಹಿಡಿದು ಪ್ರಾರ್ಥನೆ ಮಾಡಲು ಕೇಳಿ. ಅಕ್ಕಿ ತಂದುಕೊಟ್ಟವರು ಅದಕ್ಕೆ ಇಲ್ಲ ಅನ್ನಲಾರರು. ನೀವು ಮಾತ್ರ ಅವತ್ತು ತಿಂಡಿ ತಿಂದುಕೊಂಡು ಹೋಗಿ.